ಐದು ತೊಗಲಿನ ಉಸಿರು

ಯುಲಿಯಾನ್ ಮೊದಲ ಸಲ ಮೋ ಚಾಂಗ್‌ಹಾಯ್‌ನನ್ನು ನೋಡಿದಾಗ ಅವಳಿಗೆ ಕಂಡದ್ದು ಎರಡು ಕಾಲು ಮಾತ್ರ. ಮದುವೆಯಾಗಿ ಬಂದ ಒಂಬತ್ತನೆಯ ದಿನ ಹೊಳೆಗೆ ನೀರಿಗೆಂದು ಹೊರಟಿದ್ದಳು. ಮರಳದಿಬ್ಬದ ಮೇಲಿಂದ ಏನೋ ದೊಡ್ಡದು, ದುಂಡುದುಂಡಾದ ಬೆನ್ನಿನದು, ಇಳಿದು ಬರುತ್ತಿತ್ತು.

"ಅಯ್ಯೋ, ಆಮೆ!" ಎಂದು ಕೂಗಿಬಿಟ್ಟಳು.

ಹೆಂಡತಿ ಕೈಕೊಟ್ಟ ಗಂಡನನ್ನು ಆ ಸೀಮೆಯಲ್ಲಿ ಆಮೆ ಎಂದು ಬಯ್ಯುತ್ತಾರೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಿದ್ದುಬಿದ್ದು ನಕ್ಕರು. ಬೆನ್ನ ಮೇಲಿನ ತೆಪ್ಪದಡಿಯಿಂದ ಒಂದು ಮುಖ ಹೊರಬಂತು.

"ಹೊಸ ಸೊಸೆ, ನಂಗೆ ಹೆಂಡ್ತಿನೇ ಇಲ್ವಲ್ಲ. ಮೊದ್ಲು ಒಬ್ಳನ್ನ ಹುಡುಕ್ಕೊಡು, ಆಮೇಲೆ ಬಯ್ಯುವಂತೆ."

ಹದಿನಾಲ್ಕು ಕುರಿತೊಗಲು, ಮೇಲೊಂದು ಕೋಲಿನ ಚೌಕಟ್ಟು. ಅದೇ ಅವನ ತೆಪ್ಪ. ಹೊಟ್ಟೆ ಸೀಳದೆ ಕತ್ತಿನಿಂದ ಇಡಿಯಾಗಿ ಸುಲಿದ ತೊಗಲಿಗೆ ಉಪ್ಪು, ಎಣ್ಣೆ ಕುಡಿಸಿ, ಒಂದು ಕಾಲಿನ ತೂತಿಗೆ ಬಾಯಿಟ್ಟು ಊದಿ ಗಂಟು ಹಾಕುತ್ತಿದ್ದ. ಹೊಳೆ ಹರಿಯುವ ಕಮರಿಯೊಳಗೆ ಎರಡು ದಿನ ತೇಲಿ, ಗಾಳ ಹಾಕಿ, ಕೆಳಗಿನೂರಲ್ಲಿ ಮೀನು ಮಾರಿ, ತೆಪ್ಪ ಹೊತ್ತು ಮರಳುಗಾಡಿನ ಮೇಲೆ ನಡೆದು ಬರುತ್ತಿದ್ದ. ಬಂಡೆಯ ಹಿಂದೆ ನೀರು ಎಲ್ಲಿ ಸುಸ್ತಾಗುತ್ತದೋ ಅಲ್ಲೇ ಗೆಂಡೆಮೀನು ಮಲಗಿರುತ್ತದೆ ಎನ್ನುತ್ತಿದ್ದ. ನಲವತ್ತೆಂಟು ವರ್ಷ ಯುಲಿಯಾನ್ ಅವನಿಂದಲೇ ಮೀನು ಕೊಂಡಳು. ಗಂಡ ತೀರಿಕೊಂಡ ವರ್ಷ ಮೀನನ್ನು ಹೊಸ್ತಿಲ ಮೇಲಿಟ್ಟು ದುಡ್ಡು ಕೇಳದೆ ಹೋಗುತ್ತಿದ್ದ. ಕರೆದು ನವಣೆ ಗಂಜಿ ಕೊಟ್ಟರೆ ನಿಂತೇ ಕುಡಿಯುತ್ತಿದ್ದ.

ಎಪ್ಪತ್ತಮೂರಕ್ಕೆ ಅವನಿಗೆ ಕೆಮ್ಮು ಹಿಡಿಯಿತು. ಚಳಿಗಾಲ ಹೋದರೂ ಕೆಮ್ಮು ಹೋಗಲಿಲ್ಲ. ಒಂಬತ್ತು ತೊಗಲು ಊದುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಸೈಕಲ್ ಪಂಪಿನಿಂದ ಗಾಳಿ ತುಂಬಿಕೊಂಡೂ ಒಮ್ಮೆ ಹೋದ. ಬಾಯುಸಿರಿನ ತೇವ ಆ ಗಾಳಿಯಲ್ಲಿ ಇರುವುದಿಲ್ಲ. ಒಂದು ತೊಗಲು ಒಣಗಿ ಕಮರಿಯ ನಡುವೆ ಬಿರುಕು ಬಿಟ್ಟಿತು. ಆ ಬಿರುಕಿಗೆ ಅಂಗೈ ಒತ್ತಿ ಹಿಡಿದುಕೊಂಡೇ ದಡ ಮುಟ್ಟಿದ. ಬಿರುಕಿಗೆ ತೇಪೆ ಹಾಕಿದನಾದರೂ ಅಂದಿನಿಂದ ತೆಪ್ಪ ಗೋಡೆ ಸೇರಿತು, ಅವನು ಗೋಡೆಯ ಕೆಳಗೆ ಕೂತ. ಹೊಳೆಗಿಳಿಯದ ಮೋ ದಿನದಿನಕ್ಕೆ ಕರಗುತ್ತಿದ್ದುದನ್ನು ಊರೇ ನೋಡಿತು.

ಬೇರೆಯವರು ಊದಿಕೊಡಬಹುದಿತ್ತು. ಆದರೆ ತೊಗಲೊಳಗೆ ಯಾರ ಉಸಿರಿದೆಯೋ ಅವರು ತೆಪ್ಪದ ಮೇಲಿರಲೇಬೇಕು, ಉಸಿರನ್ನಷ್ಟೇ ಹೊಳೆಗೆ ಕಳಿಸಬಾರದು ಎಂಬುದು ಅಲ್ಲಿನ ಕಟ್ಟಳೆ. ಕಮರಿಗೆ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ.

ಏಪ್ರಿಲ್‌ನ ಒಂದು ಬೆಳಗ್ಗೆ ಯುಲಿಯಾನ್ ಅವನ ಅಂಗಳಕ್ಕೆ ಹೋದಳು.

"ಮೋ ಅಣ್ಣ, ಒಂಬತ್ತು ನೀನು ಊದಿದ್ರೆ ಎಷ್ಟು ಉಳಿಯುತ್ತೆ?"

"ಐದು. ಯಾಕೆ?"

"ತಾ ಇಲ್ಲಿ."

"ನಿಂಗೆ ತಲೆ ಕೆಟ್ಟಿದ್ಯಾ? ಊದಿದ್ರೆ ಬರ್ಬೇಕು, ಗೊತ್ತಲ್ಲ. ಎಪ್ಪತ್ತೊಂದು ನಿಂಗೆ."

"ಎಪ್ಪತ್ತು. ಒಂದು ವರ್ಷ ಸೇರಿಸ್ಬೇಡ."

ಒಂದೊಂದು ತೊಗಲಿಗೂ ಮೂರು ಸಲ ಕೂತು ಸುಧಾರಿಸಿಕೊಂಡು ಐದನ್ನೂ ಊದಿದಳು. ಅವನು ಒಂದೊಂದನ್ನೂ ಕೆನ್ನೆಗೆ ಒತ್ತಿ, ಕಿವಿಗೆ ಹಿಡಿದು ನೋಡಿದ. "ಗಂಡಸರು ಊದಿದ್ದೂ ಇಷ್ಟು ಬಿಗಿ ಇರಲ್ಲ" ಎಂದ.

ಕಮರಿಯ ಗೋಡೆಗಳ ನಡುವೆ ಅವಳು ಕಣ್ಣು ಮುಚ್ಚಿಯೇ ಕೂತಿದ್ದಳು. "ತಂಗೀ, ಕಣ್ಬಿಡು, ನಾನು ಹುಟ್ಟು ಹಾಕ್ತಿರೋವಾಗ ಹೊಳೆ ನಿನ್ನನ್ನ ಮುಟ್ಟಲ್ಲ" ಎಂದ. ಮುಟ್ಟಲೂ ಇಲ್ಲ. ಮಂಡಿಯೂರಿ ಕೂತು ಒಂದೇ ಹುಟ್ಟಿನಲ್ಲಿ ಸುಳಿಯ ಅಂಚನ್ನು ಸವರಿಕೊಂಡು ಹೋಗುತ್ತಿದ್ದ. ಅವನಿಗೆ ಅಲ್ಲಿ ಒಮ್ಮೆಯೂ ಕೆಮ್ಮು ಬರಲಿಲ್ಲ. ಏಳು ಗೆಂಡೆ ಸಿಕ್ಕವು. ಹಿಂತಿರುಗುವಾಗ ತೆಪ್ಪದ ಒಂದು ತುದಿ ಅವನ ಹೆಗಲಿಗೆ, ಇನ್ನೊಂದು ಅವಳ ಹೆಗಲಿಗೆ. ಮರಳಿನಲ್ಲಿ ಎರಡು ದಿನ ನಡೆದರು.

ಊರು ಮುಟ್ಟಿದ ಮಾರನೆಯ ಬೆಳಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ; ರಾತ್ರಿಯೇ ಉಸಿರು ನಿಂತಿತ್ತು. ಆದರೆ ಹಿಂದಿನ ಸಂಜೆ ಅಂಗಳದಲ್ಲಿ ತೆಪ್ಪ ಇಳಿಸಿ, ಅವಳು ಊದಿದ ತೊಗಲಿನ ಗಂಟಿನ ಮೇಲೆ ಬೆರಳಿಟ್ಟು, ಹಬ್ಬದ ದಿನದ ಮುಖ ಮಾಡಿಕೊಂಡು ಕೇಳಿದ್ದ:

"ತಂಗೀ, ನಿನ್ನುಸಿರು ಬಿಚ್ಚಿಬಿಡ್ಲಾ, ಇಲ್ಲಾ ನಾಳೆಗೂ ಇರ್ಲಾ?"