ನಮ್ಮ ಬೀದಿಯ ಹೊಟ್ಟೆನೋವು

ಬಾಟಲಿಯ ಮೈಗೆ ಅಂಟಿಸಿದ ಕಾಗದದ ಪಟ್ಟಿಯ ಅಂಚನ್ನು ಕಾಂಪೌಂಡರ್ ಗರಗಸದ ಹಲ್ಲಿನ ಹಾಗೆ ಕತ್ತರಿಸಿದ್ದಾನೆ. ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಬೇಕು. ಒಳಗಿರುವುದು ಹೊಟ್ಟೆನೋವಿನ ಮಿಕ್ಸ್ಚರು. ಕೆಂಪು ಬಣ್ಣ, ಸೋಂಪಿನ ವಾಸನೆ. ನನ್ನ ಹೊಟ್ಟೆಗೆ ಏನೂ ಆಗಿಲ್ಲ. ಆಗಿರುವುದು ಎಡಗಡೆಯ ಮೊಲೆಯಲ್ಲಿ, ಹುಣಸೆಬೀಜದಷ್ಟು ಒಂದು ಗಂಟು. ಮೊನ್ನೆ ಮನೆಯಿಂದ ಹೊರಟಾಗ ಅದು ಅಲ್ಲೇ ಇತ್ತು. ನಮ್ಮ ಬೀದಿಯ ಡಾಕ್ಟರು "ಏನಮ್ಮ ತೊಂದರೆ?" ಎಂದು ಕೇಳುವಷ್ಟರಲ್ಲಿ ಹೊಟ್ಟೆಗೆ ಇಳಿದಿತ್ತು.

ನೀವು ನಗಬಹುದು. ನಾನು ಎಂ.ಎ. ಓದಿದವಳು, ಅದೂ ಚರಿತ್ರೆಯಲ್ಲಿ. ಯಾವ ರಾಜ ಯಾವ ಗಾಯದಿಂದ ಸತ್ತ ಎಂದು ಬರೆದು ನಂಬರು ಗಳಿಸಿದ್ದೇನೆ. ರಾಣಿಯರು ಯಾವುದರಿಂದ ಸತ್ತರೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಬಹುಶಃ ಹೊಟ್ಟೆನೋವಿನಿಂದ.

ನಾನು ಬೆಳೆದ, ಈಗಲೂ ಇರುವ ಲಕ್ಷ್ಮೀಪುರಂ ಬೀದಿಯಲ್ಲಿ ಕಾಯಿಲೆಗಳಿಗೂ ಮಾನಮರ್ಯಾದೆ ಇತ್ತು. ಸಕ್ಕರೆ ಕಾಯಿಲೆಯನ್ನು ಜಗಲಿಯಲ್ಲಿ ಕೂತು, ಸ್ವಲ್ಪ ಜಂಬದಿಂದಲೇ, ಹೇಳಿಕೊಳ್ಳಬಹುದಿತ್ತು. ಅದು ಉಂಡು ಬಾಳಿದವರಿಗೆ ಬರುವುದು. ಮದುವೆಗೆ ಹುಡುಗಿಯರಿರುವ ಮನೆಯಲ್ಲಿ ಕ್ಷಯ ಬಂದರೆ ಅದಕ್ಕೆ ಹಳೆಯ ಕೆಮ್ಮು ಎಂದು ಹೆಸರು. ಹೆಂಗಸರಿಗೆ ಕತ್ತಿನಿಂದ ಮಂಡಿಯವರೆಗೆ ಏನೇ ಬಂದರೂ ಹೊಟ್ಟೆನೋವು. ಅದನ್ನೂ ಅವರೇ ಹೋಗಿ ಹೇಳುವಂತಿರಲಿಲ್ಲ. ಗಂಡಸರು ಖಾಲಿ ಬಾಟಲಿ ಹಿಡಿದು ಹೋಗಿ, ಹೇಳಿ, ತುಂಬಿಸಿಕೊಂಡು ಬರುತ್ತಿದ್ದರು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಪಕ್ಕದ ಮನೆಯಲ್ಲಿದ್ದ ನನ್ನ ಸೋದರತ್ತೆ ಸೀತಮ್ಮನವರಿಗೆ ಈ ಹೊಟ್ಟೆನೋವು ಬಂತು. ಎಂದರೆ, ತಿಂಗಳಿಗೆ ಮೂರು ದಿನ ಹೊರಗೆ ಕೂರುವವರು ಹತ್ತು ದಿನ ಕೂರತೊಡಗಿದರು. ಆಮೇಲೆ ಒಳಗೆ ಬರುವ ದಿನಗಳೇ ಅಪರೂಪವಾದವು. ಹಿತ್ತಿಲ ಕೋಣೆಯಲ್ಲಿ ಬೇರೆ ಚಾಪೆ, ಬೇರೆ ಚೊಂಬು. ಇದು ಹಾಲಿನವನಿಗೆ ಗೊತ್ತು, ಹೂವಿನವಳಿಗೆ ಗೊತ್ತು, ಪುರೋಹಿತರಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತು. ಗೊತ್ತಾಗಬಾರದಿದ್ದದ್ದು ಡಾಕ್ಟರಿಗೆ ಮಾತ್ರ.

ಮಾವ ಬಾಟಲಿ ಹಿಡಿದು ಹೋದರು. ಕೆಮ್ಮಿನ ಔಷಧಿಗೆಂದು ನಾನೂ ಜೊತೆಗಿದ್ದೆ.

"ಮನೇಲಿ ಸ್ವಲ್ಪ ಹೊಟ್ಟೆನೋವು ಅಂತಾರೆ."

"ಎಲ್ಲಿ ನೋವಂತೆ?"

ಮಾವ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, "ಇಲ್ಲೇ ಎಲ್ಲೋ ಇರಬೇಕು" ಎಂದರು. ಡಾಕ್ಟರು ರೂಢಿಯ ಬಲದಿಂದ ಅವರನ್ನೇ ಮಲಗಿಸಿ, ಒತ್ತಿ, ಬೆರಳಲ್ಲಿ ತಟ್ಟಿ, "ವಾಯು ತುಂಬಿದೆ ಕಣ್ರೀ" ಎಂದು ಮಿಕ್ಸ್ಚರು ಬರೆದುಕೊಟ್ಟರು. ಅದನ್ನು ಅತ್ತೆ ತಿಂಗಳುಗಟ್ಟಲೆ ಕುಡಿದರು. ಔಷಧಿ ಕೆಟ್ಟಿಲ್ಲವಷ್ಟೇ ಎಂದು ನೋಡಲು ಮೊದಲ ಹಲ್ಲಿನಷ್ಟನ್ನು ಮಾವ ಕುಡಿಯುತ್ತಿದ್ದರು. ಅವರಿಗೆ ಬಹಳ ಗುಣ ಕಂಡಿತು.

ಅತ್ತೆ ಮಾತ್ರ ಸುಣ್ಣದ ಹಾಗೆ ಬಿಳಿಚಿಕೊಂಡರು. ನೀರು ಸೇದುವಾಗ ಬಾವಿಯ ಕಂಬ ಹಿಡಿದು ನಿಲ್ಲುತ್ತಿದ್ದರು. ಹೀಗೇ ಬಿಟ್ಟರೆ ಅವರು ಉಳಿಯುವುದಿಲ್ಲವೆಂದು ನನಗೆ ಭಯವಾಯಿತು.

"ಹೆಂಗಸರ ಆಸ್ಪತ್ರೆಗೆ ಹೋಗೋಣ ಅತ್ತೆ. ಅಲ್ಲಿ ಲೇಡಿ ಡಾಕ್ಟರು ಇದ್ದಾರೆ."

"ಮಕ್ಕಳಿಲ್ಲದೋಳು ಅಲ್ಲಿಗೆ ಯಾಕೆ ಹೋದಳು ಅಂತ ಬೀದಿ ಕೇಳಲ್ವೇನೇ? ಜೊತೆಗೆ ನೀನೂ ಬಂದರೆ ನಿನ್ನ ಮದುವೆ ಆದ ಹಾಗೇ."

"ಬೆಟ್ಟಕ್ಕೆ, ದೇವಿ ಗುಡಿಗೆ ಹೋಗ್ತೀವಿ ಅನ್ನೋಣ. ಹರಕೆ."

ಹೆಂಗಸರ ಹರಕೆ ಏನೆಂದು ಗಂಡಸರು ಕೇಳುವುದಿಲ್ಲ. ಅತ್ತೆ ಒಳಗಿದ್ದ ಒಂದು ಅಪರೂಪದ ಶುಕ್ರವಾರ ಮಾವನೇ ಹಣ್ಣುಕಾಯಿ ತಂದು ಕೈಗಿಟ್ಟು ಕಳಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆ ಎತ್ತದೆ, "ಏನು?" ಎಂದರು.

"ಹೊಟ್ಟೆನೋವು" ಎಂದರು ಅತ್ತೆ, ಹಣ್ಣುಕಾಯಿಯ ಚೀಲವನ್ನು ತಬ್ಬಿಕೊಂಡು.

"ಅದು ಎಲ್ಲರಿಗೂ ಇರುತ್ತೆ. ನಿಮಗೇನು ಹೇಳಿ."

ಅತ್ತೆ ನನ್ನತ್ತ ತಿರುಗಿದರು. "ಮದುವೆ ಆಗದೋಳು ಕೇಳಬಾರದು. ಆಚೆ ಹೋಗೇ."

ಹೋದೆ. ಪರದೆಯ ಹಿಂದೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಅತ್ತೆಯ ದನಿ ಶುರುವಾಯಿತು. ಶುರುವಾದದ್ದು ನಿಲ್ಲಲೇ ಇಲ್ಲ. ಹೊರಗೆ ಬಂದವರು ನನ್ನ ಕಿವಿಯ ಹತ್ತಿರ ಬಗ್ಗಿ, "ಡಾಕ್ಟರಮ್ಮನಿಗೂ ತಿಂಗಳು ತಿಂಗಳು ಆಗುತ್ತಂತೆ ಕಣೇ" ಎಂದರು.

ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಆಗಬೇಕಾಗಿತ್ತು. ಮಾವನಿಗೆ "ಹೊಟ್ಟೆಯಲ್ಲಿ ಗಡ್ಡೆ" ಎಂದೆವು. ಆ ಹೊಟ್ಟೆ ಕೊನೆಗೂ ಉಪಯೋಗಕ್ಕೆ ಬಂತು. ಅತ್ತೆ ಉಳಿದರು. ಗಡ್ಡೆ ಇದೆಯೆಂದು ಬೆಟ್ಟದ ತಾಯಿಯೇ ತೋರಿಸಿಕೊಟ್ಟಳೆಂದು ಮಾವ ಬೀದಿಗೆಲ್ಲ ಹೇಳಿದರು. ಅಲ್ಲಿಂದ ನಮ್ಮ ಬೀದಿಯ ಹೆಂಗಸರಲ್ಲಿ ಭಕ್ತಿ ಹೆಚ್ಚಿತು. ಒಂದು ವಾರ ಎದುರುಮನೆಯವರು, ಇನ್ನೊಂದು ವಾರ ಮೂಲೆಮನೆಯವರು ಸೀತಮ್ಮನವರ ಜೊತೆ ಬೆಟ್ಟಕ್ಕೆ ಹೊರಡತೊಡಗಿದರು. ಬರುವಾಗ ಮಾರುಕಟ್ಟೆಯಿಂದ ಕುಂಕುಮದ ಪೊಟ್ಟಣ ತರುವುದನ್ನು ಅತ್ತೆ ಒಮ್ಮೆಯೂ ಮರೆಯಲಿಲ್ಲ.

"ಸುಳ್ಳಲ್ವೇ ಅತ್ತೆ ಇದು?" ಎಂದು ಕೇಳಿದ್ದೆ.

"ಆಸ್ಪತ್ರೆ ವರಾಂಡದಿಂದ ಬೆಟ್ಟ ಕಾಣುತ್ತೆ. ಅಲ್ಲಿಂದಲೇ ಕೈ ಮುಗೀತೀವಿ. ತಾಯಿಗೆ ಅರ್ಥ ಆಗುತ್ತೆ ಬಿಡೇ, ಅವಳೂ ಹೆಂಗಸೇ."

ಆ ಅತ್ತೆಯೇ ಮೊನ್ನೆ ಸಂಜೆ ಬಂದವರು ಮೇಜಿನ ಮೇಲಿದ್ದ ನನ್ನ ಬಾಟಲಿ ಎತ್ತಿ ಮೂಸಿದರು.

"ಇದು ನಿಮ್ಮ ಮಾವನ ಔಷಧಿ ಅಲ್ವೇನೇ?"

ನನ್ನ ಕೈ ತಾನಾಗಿ ಎಡಗಡೆ ಸೆರಗಿನ ಮೇಲೆ ಹೋಯಿತು. ಅತ್ತೆ ಅದನ್ನು ನೋಡಿದರು. ಬಾಟಲಿಯನ್ನು ಕೆಳಗಿಟ್ಟು, "ಎಂ.ಎ. ಓದಿದೋಳಿಗೂ ಹೊಟ್ಟೆನೋವೇ?" ಎಂದರು. "ನಾಳೆ ಬೆಟ್ಟಕ್ಕೆ ಹೋಗೋಣ."

ಮಾರನೆಯ ಬೆಳಿಗ್ಗೆ ಟಾಂಗಾದವನು, "ಬೆಟ್ಟದ ಬಸ್ಸಿಗೇನಮ್ಮ?" ಎಂದ. "ಅಲ್ಲ, ಹೆಂಗಸರ ಆಸ್ಪತ್ರೆಗೆ" ಎಂದೆ, ಎದುರುಮನೆಯ ಜಗಲಿಗೂ ಕೇಳುವಷ್ಟು ಗಟ್ಟಿಯಾಗಿ. ಅಲ್ಲಿ ನನ್ನ ಸರದಿ ಬಂದಾಗ ಅತ್ತೆ ಆಚೆ ಹೋಗಲು ಎದ್ದರು. ಕೈ ಹಿಡಿದು ಕೂರಿಸಿದೆ. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ, "ನನ್ನ ಹೊಟ್ಟೆ ಚೆನ್ನಾಗಿದೆ" ಎಂದು ಹೇಳಿ, ಸೆರಗನ್ನು ನಾನೇ ಸರಿಸಿದೆ.