ಚಿಕ್ಕನರಸಯ್ಯನ ಎರಡನೇ ಬೊಗಸೆ

ಕಳ್ಳಂಬೆಳ್ಳದ ಸುತ್ತ ಯಾರ ಮನೇಲಿ ಹರಿಸೇವೆ ಆದ್ರೂ ಸೌಟು ಹಿಡೀತಿದ್ದೋನು ಚಿಕ್ಕನರಸಯ್ಯ. ಅಡುಗೆ ಚೆನ್ನಾಗೇ ಮಾಡೋನು, ಅದರಲ್ಲಿ ಸುಳ್ಳಿಲ್ಲ. ಬಾಯಿ ಮಾತ್ರ ಬಚ್ಚಲು. ಮೂವತ್ತು ವರ್ಷ ಅವನ ಪಕ್ಕದಲ್ಲಿ ತರಕಾರಿ ಹೆಚ್ಚಿದೋಳು ನಾನು, ಚಿಕ್ಕಹನುಮಕ್ಕ. ಮೊದಲನೇ ವರ್ಷ ಸಕ್ಕರೆ ಅಂದ್ಕೊಂಡು ಪಾಯಸಕ್ಕೆ ಉಪ್ಪು ಸುರಿದುಬುಟ್ಟಿದ್ದೆ. ಅದನ್ನ ಪ್ರತಿ ಹರಿಸೇವೇಲೂ ಸಿಕ್ಕಸಿಕ್ಕೋರಿಗೆ ಹೇಳಿ ನಗೋನು. "ಇವಳ ತಲೇಲಿ ಇರೋದು ಬೂಸಾ ಕಣ್ಲಾ" ಅನ್ನೋನು. ನಾನು ತಲೆ ತಗ್ಗಿಸ್ಕೊಂಡು ಈರುಳ್ಳಿ ಸುಲೀತಿದ್ದೆ.

ಹರಿಸೇವೆ ಅಡುಗೇನ ದೇವರಿಗೆ ಎಡೆ ಇಡೋವರೆಗೂ ಯಾರೂ ನಾಲಿಗೆಗೆ ಮುಟ್ಟಿಸೋ ಹಂಗಿಲ್ಲ. ಉಪ್ಪು ಬಿತ್ತಾ ಇಲ್ವಾ ಅನ್ನೋದು ಮಾಡೋನ ನೆನಪಲ್ಲೇ ಇರಬೇಕು. ಮೂರು ಒಲೆ ಉರೀತಿದ್ರೂ, ಹತ್ತು ಜನದ ಹತ್ರ ಹರಟೆ ಹೊಡೀತಿದ್ರೂ, ಯಾವ ಕೊಪ್ಪರಿಗೆಗೆ ಏನು ಬಿದ್ದೈತೆ ಅಂತ ಅವನಿಗೆ ಗೊತ್ತಿರ್ತಿತ್ತು. ಅದೇ ಅವನ ಜಂಬ.

ಎಪ್ಪತ್ತು ದಾಟಿದ ಮೇಲೆ ಜೀರಿಗೆ ಡಬ್ಬಿ ಕೈಲೇ ಹಿಡ್ಕೊಂಡು ಮನೆಯೆಲ್ಲಾ ಹುಡುಕೋಕೆ ಶುರು ಮಾಡ್ದ. ಹೆಂಡತಿ ಇಲ್ಲದೋನು, ಪಾಪ ಅಂತ ಶಿರಾಕ್ಕೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋದೆ. "ಕಾಯಿಲೆ ಏನಿಲ್ಲ, ವಯಸ್ಸು" ಅಂದ್ರು ಅವರು. "ಹಳೇದು ಉಳ್ಕೊಳ್ಳುತ್ತೆ, ಈಗ ತಾನೆ ಮಾಡಿದ್ದು ಜಾರುತ್ತೆ. ಮೊದಲು ಸಲೀಸಾಗಿ ಆಗ್ತಿದ್ದ ಕೆಲಸಕ್ಕೆ ಈಗ ಮೆದುಳು ಜಾಸ್ತಿ ದುಡೀಬೇಕು. ಒಂದು ಸಲಕ್ಕೆ ಒಂದೇ ಕೆಲಸ ಇಟ್ಕೊಳ್ಳಿ. ಮಾತು ಕಮ್ಮಿ ಮಾಡಿ." ಮಾತು ಕಮ್ಮಿ ಮಾಡೋನಾ ಅವನು? ಬಸ್ ಹತ್ತೋಕೆ ಮುಂಚೇನೇ ಡಾಕ್ಟರನ್ನ ಬೈದ. "ಮರೆವು ಬರೋದು ನಿನ್ನಂತೋರಿಗೆ" ಅಂದ. ತೂತು ಒಲೆ ಕೆಡಿಸ್ತು, ಮಾತು ಮನೆ ಕೆಡಿಸ್ತು ಅಂತ ಹಿರೀಕರು ಇಂತೋರನ್ನ ನೋಡೇ ಹೇಳಿರಬೇಕು.

ಹೋದ ವರ್ಷ ಮುತ್ತುರಾಜ್ ಮನೆ ಹರಿಸೇವೆ. ಹುಳಿಗೆ ಚಿಕ್ಕನರಸಯ್ಯ ಒಂದು ಬೊಗಸೆ ಉಪ್ಪು ಹಾಕ್ದ, ನಾನು ಕಣ್ಣಾರೆ ನೋಡ್ದೆ. ಅಷ್ಟರಲ್ಲಿ ಮುತ್ತುರಾಜ್ ಬಂದು, ಇನ್ನೂ ಐವತ್ತು ಜನ ಬರ್ತಾರೆ ಅಂದ. ಅವನ ಹತ್ರ ಇವನು ನನ್ನ ಪಾಯಸದ ಕತೆ ಹಚ್ಕೊಂಡ. ನಕ್ಕು ಮುಗಿಸಿ, ತಿರುಗಿ ಉಪ್ಪಿನ ಚೀಲಕ್ಕೆ ಮತ್ತೆ ಕೈ ಹಾಕ್ದ. ಬೊಗಸೆ ತುಂಬ್ಕೊಂಡು ಕೊಪ್ಪರಿಗೆ ಮುಂದೆ ನಿಂತ. ನನ್ನ ಕಡೆ ನೋಡ್ದ. ಹಾಕಿದ್ನಾ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ನನ್ನನ್ನ ಕೇಳೋಕೆ ಅವನಿಗೆ ಸೊಕ್ಕು. ಬೂಸಾ ತುಂಬಿರೋ ತಲೆ ತಾನಾಗಿ ಯಾಕೆ ಹೇಳಬೇಕು? ಸೌತೆಕಾಯಿ ಹೆಚ್ಚುತ್ತಾ ಕೂತೆ. ಅವನು ಸುರಿದ.

ದೇವರ ಎಡೆಗೂ ಅದೇ ಹುಳಿ ಹೋಯ್ತು. ಪಂಕ್ತೀಲಿ ಮೊದಲ ತುತ್ತಿಗೇ ಜನ ಎಲೆ ಬುಟ್ಟು ಎದ್ರು. ನಿನ್ನೆವರೆಗೂ ಅವನ ಸೌಟಿನ ಮುಂದೆ ಹಲ್ಲು ಕಿರೀತಿದ್ದೋರೇ ಅರಳು ಮರಳು ಅಂತ ಆಡ್ಕೊಂಡ್ರು. ಅವನು ಸೌಟು ತೊಳೆದು ನನ್ನ ಪಕ್ಕ ಇಟ್ಟು ಹೋದ. ನನಗೆ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಈ ವರ್ಷ ಸೌಟು ನನ್ನ ಕೈಗೆ ಬಂತು. ಯಾರೂ ಕರೀದೇ ಇದ್ರೂ ಚಿಕ್ಕನರಸಯ್ಯ ಬಂದು ಕಂಬಕ್ಕೆ ಒರಗಿ ಕೂತ. ಒಂದು ಮಾತಿಲ್ಲ. ಆಡ್ಕೊಳ್ಳೋಕೆ ಬಂದವ್ನೆ, ದರಿದ್ರದೋನು ಅಂದ್ಕೊಂಡೆ. ಹುಳಿ ಕುದೀತಿತ್ತು. ಯಾರೋ ಕರೆದ್ರು, ಹೋಗಿ ಬಂದೆ. ಉಪ್ಪಿನ ಚೀಲದ ಹತ್ರ ನಿಂತೆ. ನನಗೂ ಅರವತ್ತಾರು. ಹಾಕಿದ್ನಾ ಇಲ್ವಾ ಅಂತ ಎಷ್ಟು ಯೋಚಿಸಿದ್ರೂ ಹೊಳೀಲಿಲ್ಲ. ಬೊಗಸೆ ತುಂಬ್ಕೊಂಡೆ.

"ಹುಳಿಗೆ ಉಪ್ಪು ಬಿದ್ದೈತೆ, ಹನುಮಿ" ಅಂದ ಕೂತಲ್ಲಿಂದಲೇ. "ಅದೊಂದನ್ನೇ ನೋಡ್ಕೊಂಡು ಕೂತಿದ್ದೆ."

ನಾನು ಅವನನ್ನ ಕೇಳಿರಲಿಲ್ಲ.