ಸಲಿಕೆಯ ಪಾಳಿ

ನಮ್ಮ ಮನೆಯಲ್ಲಿ ಒಂದು ಕದ್ದ ಮಾಲಿದೆ. ಗಾಬರಿಯಾಗಬೇಡಿ, ಅದೊಂದು ಸಲಿಕೆ. ಅದರಲ್ಲೂ ಅರ್ಧ ನನ್ನದೇ. ಉಳಿದರ್ಧ ಪಕ್ಕದ ಹೊಲದ ಅಪ್ಪಾಲಾಲ ಕಾಕಾರದು.

ಏಕಸಂಬಿಯ ಹತ್ತಿರ ನಮ್ಮಿಬ್ಬರ ಹೊಲಗಳ ನಡುವೆ ಇದ್ದದ್ದು ಒಂದೇ ಬಾವಿ. ಒಂದು ದಿನ ಅವರ ಪಾಳಿ, ಮರುದಿನ ನಮ್ಮದು. ಕಬ್ಬಿನ ಸಾಲಿಗೆ ನೀರು ತಿರುವುವ ಸಲಿಕೆಯೂ ಒಂದೇ. ಪಾಳಿ ಮುಗಿಸಿದವನು ಸಲಿಕೆ ತೊಳೆದು ಇನ್ನೊಬ್ಬನ ಮನೆಗೆ ಒಯ್ದು ಕೊಡಬೇಕು. ಸಲಿಕೆ ಕೈಗೆ ಬಂದರೆ ಪಾಳಿ ಬಂದಂತೆ. ಐದು ನಿಮಿಷದ ಈ ಕೆಲಸಕ್ಕೆ ಒಂದು ತಾಸು ಹಿಡಿಯುತ್ತಿತ್ತು. ಚಹಾ ಆಗಬೇಕು, ಚಿಕ್ಕೋಡಿ ಕೋರ್ಟಿನ ಸುದ್ದಿಗಳೆಲ್ಲ ಆಗಬೇಕು, ಕೊನೆಗೆ ಕಾಕಾ ನನ್ನನ್ನು ಆಡಿಕೊಳ್ಳಬೇಕು.

"ಮಾಸ್ತರಾ, ಸಾಲ್ಯಾಗ ಹುಡುಗರಿಗೆ ಗೆರಿ ಹೊಡ್ಯಾಕ ಕಲಸ್ತಿ. ನಿನ್ನ ಕಬ್ಬಿನ ಸಾಲ ಯಾಕ ಹಾವ ಹರದಂಗ ಐತಿ?"

ನಾನು ಆತುರಗಾರ. ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತಿದ್ದ ಕಾಲ. ಬಂದಷ್ಟೂ ನನಗೇ ದಕ್ಕಲಿ ಎಂದು ನಮ್ಮ ಹೊಲದಲ್ಲೇ ಬೋರು ಕೊರೆಸಿ, ಆಟೋ ಸ್ಟಾರ್ಟರ್ ಕೂಡಿಸಿದೆ. ಕರೆಂಟು ಬಂದೊಡನೆ ಮೋಟರು ತಾನೇ ಏಳುತ್ತಿತ್ತು, ನಾನು ಏಳಬೇಕಿರಲಿಲ್ಲ. ಬದು ಒಡೆದು ನೀರು ರಸ್ತೆಗೆ ಹರಿದರೂ ಅದು ಓಡುತ್ತಲೇ ಇತ್ತು. ನೋಡಿ, ನಾನು ವಿಜ್ಞಾನದ ಮಾಸ್ತರ. ಅಂತರ್ಜಲದ ಪಾಠಕ್ಕೆ ಬಾವಿಗೂ ಬೋರಿಗೂ ಒಂದೇ ನೀಲಿ ಸೀಮೆಸುಣ್ಣ ಬಳಿಯುತ್ತಿದ್ದವನು. ಆದರೆ ಹಲಗೆಯ ಮೇಲಿನ ನೀರು ಬೇರೆ, ಹೊಲದ ನೀರು ಬೇರೆ ಎಂದೇ ನಂಬಿದ್ದೆ.

ಎರಡೇ ಬೇಸಿಗೆಯಲ್ಲಿ ಬಾವಿಯ ತಳ ಕಂಡಿತು. ಕಾಕಾ ಕಬ್ಬು ಬಿಟ್ಟು ಜೋಳ ಬಿತ್ತಿದರು. ಜಗಳವಾಡಲಿಲ್ಲ, ನಮ್ಮ ಮನೆಗೆ ಬರುವುದನ್ನಷ್ಟೇ ಬಿಟ್ಟರು. ಬೋರಿಗೆ ನೀರು ಬಿದ್ದ ದಿನ ಸಲಿಕೆ ನಮ್ಮಲ್ಲಿತ್ತು, ಇಲ್ಲೇ ಉಳಿಯಿತು. ಅವರು ಒಮ್ಮೆ ಬಂದು ಬೈದಿದ್ದರೆ ಸಾಕಿತ್ತು, ಚಹಾ ಕುಡಿಸಿ ಕಳಿಸುತ್ತಿದ್ದೆ. ಈಗ ನನ್ನ ಸಾಲುಗಳು ನೆಟ್ಟಗಿವೆ, ನೋಡಿ ನಗುವವರಿಲ್ಲ. ಸಂಜೆ ಅಂಗಳದಲ್ಲಿ ಯಾರದೇ ಚಪ್ಪಲಿ ಸದ್ದಾದರೂ ಕಾಕಾ ಬಂದರೇನೋ ಎಂದು ಇಷ್ಟು ವರ್ಷವೂ ಎದ್ದು ನೋಡಿದ್ದೇನೆ.

ಈ ಬೇಸಿಗೆ ನನ್ನ ಬೋರೂ ಬರೀ ಗಾಳಿ ಉಗುಳಿತು. ಇನ್ನು ತಡೆಯಲಾಗಲಿಲ್ಲ. ಸಲಿಕೆ ತೊಳೆದು ಕಾಕಾರ ಮನೆಗೆ ಒಯ್ದೆ.

"ತಪ್ಪಾತು ಕಾಕಾ," ಎಂದೆ.

ಅವರು ಸಲಿಕೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಭಾಳ ಲಗೂ ತಂದಿ ನೋಡ. ಕುಂಡ್ರು, ಚಹಾ ಕುಡಿ."

ಚಹಾ ಮುಗಿಯಿತು. ಕಾಕಾ ಸಲಿಕೆಯನ್ನು ತಿರುಗಿ ನನ್ನ ಕೈಗೇ ಕೊಟ್ಟರು.

"ಬಾಂವಿ ತುಂಬ ಹೂಳ ಕುಂತೈತಿ. ಮಳಿ ನೀರ ನಿಲ್ಲಬೇಕಂದ್ರ ಅದನ್ನ ತಗೀಬೇಕು. ನೀರ ನೀನ ಮೊದಲ ತಗೊಂಡಿ, ಹೂಳಿನ ಪಾಳೀನೂ ನಿಂದ ಮೊದಲ."

ಹೀಗಾಗಿ ಸಲಿಕೆ ಮತ್ತೆ ನಮ್ಮ ಮನೆಗೇ ಬಂದಿದೆ. ನಾಳೆ ಬೆಳಗ್ಗೆ ಬಾವಿಗಿಳಿಯಬೇಕು. ಬೆನ್ನು ಈಗಲೇ ಗೊಣಗುತ್ತಿದೆ. ಗೊಣಗಲಿ ಬಿಡಿ, ಎಷ್ಟೋ ವರ್ಷಗಳ ಮೇಲೆ ನನಗೆ ಪಾಳಿ ಬಂದಿದೆ.